ಚಕ್ಕುಲಿಯ ಹುಲ್ಲುಹಾಸು

ನಮ್ಮ ಬೀದಿಯಲ್ಲಿ ಏಳು ಮನೆ, ಏಳು ಹಿತ್ತಲು. ಮನೆಗಳು ಇದ್ದಲ್ಲೇ ಇರುತ್ತವೆ. ಹಿತ್ತಲುಗಳು ಮಾತ್ರ ಪ್ರತಿ ಭಾನುವಾರ ಬೆಳಗಾಗುವಷ್ಟರಲ್ಲಿ ಒಂದೊಂದು ಮನೆ ಮುಂದಕ್ಕೆ ಸರಿದಿರುತ್ತವೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಹಿಂಬಾಗಿಲು ತೆಗೆದರೆ, ಹಿಂದಿನ ದಿನ ಸೀರೆ ಹರವಿದ್ದ ಜಾಗದಲ್ಲಿ ನಿಂಬೆಗಿಡ ನಿಂತಿತ್ತು. ಗಾಬರಿಯಾಗಿ ಅತ್ತೆಯನ್ನು ಕೂಗಿದೆ. ಅವರು ಬಂದು ನೋಡಿ, "ಓ, ನಿಂಬೆ ಬಂತಾ, ಉಪ್ಪಿನಕಾಯಿ ಹಾಕೋಣ" ಎಂದು ಚಾಕು ಹುಡುಕಲು ಒಳಗೆ ಹೋದರು. ಈ ವಿಷಯದಲ್ಲಿ ನನಗೆ ಯಾರಾದರೂ ಹೇಳಿಕೊಟ್ಟದ್ದು ಇದ್ದರೆ ಅಷ್ಟೇ.

ಅತ್ತೆ ಇರುವಾಗಲೇ ನಾನೂ ಒಗ್ಗಿಕೊಂಡೆ. ಬಾವಿ ಇರುವ ಹಿತ್ತಲು ಬಂದ ವಾರ ಕಂಬಳಿ, ಜಮಖಾನೆ ಒಗೆಯುವುದು. ಕಲ್ಲು ಹಾಸಿದ ಹಿತ್ತಲು ಬಂದರೆ ಮೆಣಸಿನಕಾಯಿ ಒಣಗಿಸುವುದು. ಹಿತ್ತಲು ಯಾರದು ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕಟ್ಟಳೆ ಇರುವುದು ಹಿತ್ತಲೊಳಗಿನ ಸಾಮಾನಿಗೆ. ನೆಲಕ್ಕೆ ಊರಿದ್ದು ಊರಿದವರದು, ಅದರ ಹಣ್ಣು ಮಾತ್ರ ಆ ವಾರದ ಮನೆಯವರದು. ನೆಲದ ಮೇಲೆ ಮರೆತು ಬಿಟ್ಟದ್ದು, ಹಿತ್ತಲು ಹೋಗಿ ಸೇರಿದ ಮನೆಯವರದು. ಹಾಗಾಗಿ ಶನಿವಾರ ಸಂಜೆಯಾದರೆ ಬೀದಿಯ ತುಂಬ ಒಬ್ಬರನ್ನೊಬ್ಬರು ಕೂಗುವ ಸದ್ದು: ಬಟ್ಟೆ ತೆಗೆದುಕೊಂಡಿರಾ, ಒನಕೆ ಒಳಗಿಟ್ಟಿರಾ.

ಈ ಕಟ್ಟಳೆಯಿಂದಲೇ ನಮ್ಮ ಮನೆಯವರಿಗೂ ಅವರ ಅಕ್ಕನಿಗೂ ಮಾತು ನಿಂತುಹೋಗಿತ್ತು. ನಮ್ಮ ಮನೆಯವರ ಹೆಸರು ಸಿದ್ದರಾಜು. ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವರು. ಅಕ್ಕ ದೇವೀರಮ್ಮ, ನನಗೆ ಅತ್ತಿಗೆ. ಅವರಿರುವುದು ಪಕ್ಕದ ಮನೆಯಲ್ಲೇ, ಅಂದರೆ ನಮ್ಮ ಹಿತ್ತಲು ಭಾನುವಾರ ಹೋಗಿ ಸೇರುವ ಮನೆಯಲ್ಲೇ. ಒಂದು ಶನಿವಾರ ಇವರು ತಮ್ಮ ಸ್ಕೂಟರನ್ನು ಹಿತ್ತಲಿನಲ್ಲಿ ತೊಳೆದು, ಆರಲಿ ಎಂದು ಬಿಟ್ಟು, ಮರೆತು ಮಲಗಿಬಿಟ್ಟರು. ಭಾನುವಾರ ಅತ್ತಿಗೆ ಅದನ್ನು ನೋಡಿದರು. ಸೋಮವಾರ ಗುಜರಿಯವನು ಬಂದ. ಸ್ಕೂಟರ್ ಹೋಗಿ ಅದರ ಬದಲಿಗೆ ಎರಡು ಪ್ಲಾಸ್ಟಿಕ್ ಕೊಡ ಬಂದವು. ಇವರು ಹೋಗಿ ಕೂಗಾಡಿದ್ದಕ್ಕೆ ಅತ್ತಿಗೆ, ಕಟ್ಟಳೆ ಗೊತ್ತಿಲ್ಲವೇ ಎಂದು ಕೇಳಿ, ಬೇಕಾದರೆ ಒಂದು ಕೊಡ ತೆಗೆದುಕೊಂಡು ಹೋಗು ಎಂದರಂತೆ. ಆ ಕೊಡದ ಮಾತೇ ಇವರಿಗೆ ಸ್ಕೂಟರಿಗಿಂತ ಹೆಚ್ಚು ನೋವು ಕೊಟ್ಟಿತು. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚರಂಡಿ ನೋಡುತ್ತಿದ್ದರು. ನಾನು ಮಾತ್ರ ಅತ್ತಿಗೆಯ ಜೊತೆ ಮಾತು ಬಿಟ್ಟಿರಲಿಲ್ಲ. ನಡುವಿನ ಗೋಡೆ ತಲೆಯೆತ್ತರ. ಇವರು ಮದುವೆ ಮನೆಗಳಿಗೆ ಊದಲು ಹೋದಾಗ ನಾನು ಸ್ಟೂಲು ಹತ್ತಿ ನಿಲ್ಲುತ್ತಿದ್ದೆ, ಆ ಕಡೆ ಅತ್ತಿಗೆಯೂ ಸ್ಟೂಲು ಹತ್ತುತ್ತಿದ್ದರು.

ಇಷ್ಟರ ನಡುವೆ ಚಕ್ಕುಲಿಯ ಕಾಲು ಕೈಕೊಟ್ಟಿತು.

ಚಕ್ಕುಲಿ ನಮ್ಮ ನಾಯಿ. ಯಾವುದೋ ಮದುವೆಯಲ್ಲಿ ಬ್ಯಾಂಡಿನ ಮುಂದೆ ಕುಳಿತು ಕೊನೆಯವರೆಗೂ ಕೇಳಿದ ಒಂದೇ ಜೀವ ಎಂದು ಇವರು ಅದನ್ನು ಮರಿಯಾಗಿದ್ದಾಗ ಕಂಕುಳಲ್ಲಿಟ್ಟುಕೊಂಡು ತಂದಿದ್ದರು. ಬಾಲ ಸುರುಳಿ ಸುತ್ತಿಕೊಂಡಿತ್ತು, ಅದೇ ಹೆಸರಾಯಿತು. ಈಗ ಅವಳಿಗೆ ವಯಸ್ಸಾಗಿತ್ತು. ಕಲ್ಲಿನ ಮೇಲೆ ನಿಂತರೆ ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರುತ್ತಿದ್ದವು. ಮಣ್ಣಿನ ಹಿತ್ತಲು ಬಂದ ವಾರ ಮೈಯೆಲ್ಲ ಕೆಸರು, ತುರಿಕೆ. ಸಿಮೆಂಟಿನ ಹಿತ್ತಲು ಬಂದ ವಾರ ಮೊಣಕಾಲು ತರಚಿ ಗಾಯ. ದನದ ಡಾಕ್ಟರು ನೋಡಿ, ಮೂಳೆ ಸವೆದಿದೆ, ಮೆತ್ತಗೆ ಇರಬೇಕು, ಹಿಡಿತವೂ ಸಿಗಬೇಕು, ಅಂಥ ನೆಲದ ಮೇಲೆ ಬಿಡಿ ಎಂದರು. ನಿಜವಾದ ಹುಲ್ಲು ಬೆಳೆಸಲು ಇವರು ಹಿಂದೆಯೇ ನೋಡಿ ಸೋತಿದ್ದರು. ಹುಲ್ಲು ಚಿಗುರಿದ ವಾರವೇ ಮುಂದಿನ ಮನೆಗೆ ಹೋಗುತ್ತಿತ್ತು. ಅಲ್ಲಿ ಒಬ್ಬರು ಅದರ ಮೇಲೆ ರಾಗಿ ಹರವಿದರೆ ಮತ್ತೊಬ್ಬರು ಗಂಜಿ ಬಸಿದು ಸುರಿಯುತ್ತಿದ್ದರು. ಒಂದು ಸುತ್ತು ಮುಗಿಸಿ ನಮ್ಮಲ್ಲಿಗೆ ಬರುವಾಗ ಹುಲ್ಲಿನ ಸುಳಿವೂ ಇರುತ್ತಿರಲಿಲ್ಲ.

ಹಾಗಾಗಿ ಪ್ಲಾಸ್ಟಿಕ್ ಹುಲ್ಲು ತರುವುದೆಂದಾಯಿತು. ಮೊದಲು ತಂದದ್ದು ಚಾಪೆಯ ಹಾಗೆ ಸುತ್ತಿಡುವಂಥದು. ಭಾನುವಾರ ಹಾಸುವುದು, ಶನಿವಾರ ಸುತ್ತಿ ಒಳಗಿಡುವುದು. ಅದರ ಮೇಲೆ ಚಕ್ಕುಲಿ ನಡೆದರೆ ಅವಳ ಜೊತೆ ಅದೂ ನಡೆಯುತ್ತಿತ್ತು. ಮಡಿಕೆ ಬಿದ್ದ ಕಡೆ ಎಡವುತ್ತಿದ್ದಳು. ಅಂಚು ಕಡಿದು ಎಳೆ ಎಳೆ ಮಾಡಿದಳು. ಒಂದು ಶನಿವಾರ ಇವರು ಬ್ಯಾಂಡಿಗೆ ಹೋಗಿದ್ದರು, ನಾನು ತವರಿಗೆ ಹೋಗಿದ್ದೆ, ಹುಲ್ಲನ್ನು ಸುತ್ತಿಡುವವರು ಇರಲಿಲ್ಲ. ಮರುದಿನ ಅತ್ತಿಗೆ ಕಟ್ಟಳೆಯಂತೆ ಅದನ್ನು ತೆಗೆದುಕೊಂಡು, ಝಾಡಿಸಿ, ತಮ್ಮ ನಡುಮನೆಯಲ್ಲಿ ಟೀವಿಯ ಮುಂದೆ ಹಾಸಿದರು. ಬೀದಿಬಾಗಿಲನ್ನು ಅವತ್ತು ಯಾಕೋ ಇಡೀ ದಿನ ತೆರೆದಿಟ್ಟಿದ್ದರು. ಇವರು ಹಾದುಹೋಗುವಾಗ ನೋಡಿದರು. ಮನೆಗೆ ಬಂದು ಕ್ಲಾರಿನೆಟ್ ತೆಗೆದು ಒಂದೇ ಸ್ವರವನ್ನು ಉಸಿರು ಮುಗಿಯುವವರೆಗೂ ಊದಿದರು. ಮತ್ತೆ ಉಸಿರು ತೆಗೆದುಕೊಂಡು ಮತ್ತೆ ಅದನ್ನೇ ಊದಿದರು.

ಆಮೇಲೆ ಊಟಕ್ಕೆ ಕುಳಿತಾಗ ಹೇಳಿದರು. "ಈ ಸಲ ನೆಲಕ್ಕೇ ಕೂರಿಸ್ತೀನಿ. ಮೊಳೆ ಹೊಡೆದು, ಗೋಂದು ಹಾಕಿ. ವಾರವೆಲ್ಲ ಅಕ್ಕನ ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು."

ನಮ್ಮ ಮನೆಯ ಹಿಂದೆ ಅದು ಏಳು ವಾರಕ್ಕೆ ಒಂದು ವಾರ ಇರುತ್ತದೆ, ಮಿಕ್ಕ ವಾರಗಳಲ್ಲಿ ಚಕ್ಕುಲಿ ಎಲ್ಲಿ ಹೋಗಬೇಕು ಎಂದು ಕೇಳಿದೆ. ಅದನ್ನು ಆಮೇಲೆ ನೋಡೋಣ ಎಂದರು. ನಾಯಿಯ ಕಾಲು, ಅಕ್ಕನ ಕಣ್ಣು, ಇವೆರಡರಲ್ಲಿ ಯಾವುದು ಮುಖ್ಯ ಎಂಬುದು ಅವರಿಗೇ ಬಿಡಿಸಿ ಹೇಳಲಾಗದ ಸ್ಥಿತಿ.

ಹುಲ್ಲು ಮಾರುವವನ ಹೆಸರು ಮುನೀರ್. ದೂರದ ಊರಿನವನು, ನಮ್ಮ ಬೀದಿಗೆ ಹೊಸಬ. ಶನಿವಾರ ಬಂದು ಟೇಪು ಹಿಡಿದು ಹಿತ್ತಲನ್ನು ಅಳೆದು, ಸೋಮವಾರ ಸ್ಯಾಂಪಲ್ ತರುತ್ತೇನೆ ಎಂದು ಹೋದ. ಸೋಮವಾರ ಬಂದು ಹಿಂಬಾಗಿಲಲ್ಲಿ ನಿಂತವನು ಹಿತ್ತಲನ್ನು ಮೂಲೆಯಿಂದ ಮೂಲೆಗೆ ನೋಡಿದ. ಆ ವಾರ ಬಂದಿದ್ದದ್ದು ಬೋಳು ಹಿತ್ತಲು, ಗಿಡ ಗಂಟಿ ಒಂದೂ ಇಲ್ಲದ್ದು.

"ಅಮ್ಮಾ, ಮೊನ್ನೆ ಇಲ್ಲೊಂದು ನಿಂಬೆಗಿಡ ಇತ್ತಲ್ಲ" ಎಂದ.

"ಇತ್ತಪ್ಪ" ಎಂದೆ. ಕಾಫಿ ತಂದುಕೊಟ್ಟೆ. ಅವನು ಕುಡಿದು, ಮತ್ತೇನೂ ಕೇಳದೆ, ಟೇಪು ತೆಗೆದು ಇನ್ನೊಮ್ಮೆ ಅಳೆದ. ಈ ಗುಣ ನನಗೆ ಹಿಡಿಸಿತು.

ಸೀರೆ ಮಾರುವವರು ಗಂಟು ಬಿಚ್ಚುವ ಹಾಗೆ ಅವನು ಚೀಲದಿಂದ ಮೂರು ತುಂಡು ಹುಲ್ಲು ತೆಗೆದು ನೆಲಕ್ಕೆ ಹಾಕಿದ. ಒಂದು ಕುಳ್ಳ ಹುಲ್ಲು, ಪಾತ್ರೆ ಉಜ್ಜುವ ಬ್ರಷ್ಷಿನಂತೆ ಒರಟು. ಒಂದು ಉದ್ದದ್ದು, ಕೈಯಿಟ್ಟರೆ ಬೆರಳು ಮುಳುಗುವಷ್ಟು. ಒಳ್ಳೆ ಮಿರಿಮಿರಿ ಹಸಿರು. ಇನ್ನೊಂದು ಇವೆರಡರ ನಡುವಿನದು, ದಟ್ಟ, ಬಣ್ಣ ಸ್ವಲ್ಪ ಮಂಕು, ಅಲ್ಲಲ್ಲಿ ಒಣಗಿದಂಥ ಕಂದು ಎಳೆ. ನೋಡಿದ ಕೂಡಲೇ ಯಾರೂ ಇಷ್ಟಪಡುವಂಥದ್ದಲ್ಲ. ಆದರೆ ನಾಯಿಗೆ ಅದೇ ಆಗಬೇಕು ಎಂದು ಮುನೀರ್ ಹೇಳಿದ. ಉದ್ದದ್ದರಲ್ಲಿ ಕೂದಲು, ಹೊಲಸು ಸಿಕ್ಕಿಕೊಂಡರೆ ಬರುವುದಿಲ್ಲ, ನಾಲ್ಕು ದಿನಕ್ಕೆ ಮಲಗಿಬಿಡುತ್ತದೆ. ಕುಳ್ಳದ್ದು ಬಿಸಿಲಿಗೆ ಕಾದು ಪಾದ ಸುಡುತ್ತದೆ. ನಡುವಿನದನ್ನು ಮಗುಚಿ ಬೆನ್ನು ತೋರಿಸಿದ. ಜರಡಿಯ ಹಾಗೆ ತೂತುಗಳಿದ್ದವು. ಚೊಂಬಿನಲ್ಲಿ ನೀರು ಕೇಳಿ ಸುರಿದ. ನೀರು ಒಂದು ಗಳಿಗೆಯೂ ನಿಲ್ಲದೆ ಕೆಳಗಿಳಿಯಿತು. ಉಚ್ಚೆಯೂ ಹೀಗೇ ಇಳಿಯುತ್ತದೆ, ವಾಸನೆ ಉಳಿಯುವುದಿಲ್ಲ, ಎಳೆಗಳ ನಡುವೆ ರಬ್ಬರ್ ಪುಡಿ ಹಾಕದೆ ತೊಳೆದ ಮರಳು ತುಂಬುತ್ತೇನೆ, ನಾಯಿ ನೆಕ್ಕಿದರೂ ಭಯವಿಲ್ಲ ಎಂದ.

ಇವರು ಮೂರನ್ನೂ ಕೆನ್ನೆಗೆ ಒತ್ತಿ ನೋಡಿ, ಉದ್ದದ್ದನ್ನೇ ಕೈಯಲ್ಲಿ ಹಿಡಿದುಕೊಂಡರು. ಹೊಳಪು ಅದರದ್ದೇ ಅಲ್ಲವೇ, ಅಕ್ಕನ ಕಣ್ಣು ಕುಕ್ಕಲು. ಚಕ್ಕುಲಿ ನಡುವಿನದರ ಮೇಲೆ ಮಲಗಿದ್ದರೂ ಇವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯೋಚಿಸಿ ನಾಳೆ ಹೇಳುತ್ತೇನೆ ಎಂದು ಮುನೀರನನ್ನು ಕಳಿಸಿ, ಮೂರು ತುಂಡನ್ನೂ ಇರಿಸಿಕೊಂಡರು.

ಇವರು ಸ್ನಾನಕ್ಕೆ ಹೋದ ಕೂಡಲೇ ನಾನು ಸ್ಟೂಲು ಹತ್ತಿದೆ. ಅತ್ತಿಗೆ ಆಗಲೇ ಆ ಕಡೆ ನಿಂತಿದ್ದರು; ಮುನೀರ್ ಹೇಳಿದ್ದೆಲ್ಲ ಅವರಿಗೂ ಕೇಳಿಸಿತ್ತು. ಮುಂದಿನ ವಾರ ತಮ್ಮ ಹಿಂಬಾಗಿಲಿಗೇ ಬರುವ ಹುಲ್ಲು, ಅದು ನಾರಬಾರದು ಎಂಬುದು ಅವರ ಚಿಂತೆ. ನಾವಿಬ್ಬರೂ ಹೆಚ್ಚು ಮಾತಾಡಬೇಕಾಗಲಿಲ್ಲ. ಸಂಜೆ ಇವರು ಹಿತ್ತಲಿನಲ್ಲಿ ಮೂರು ತುಂಡುಗಳನ್ನೂ ಸಾಲಾಗಿ ಇಟ್ಟುಕೊಂಡು ಕುಳಿತಿದ್ದಾಗ, ಗೋಡೆಯಾಚೆಯಿಂದ ಅತ್ತಿಗೆ ಬಟ್ಟೆ ಹರವುವ ತಂತಿಗೆ ಹೇಳುವಂತೆ ಹೇಳಿದರು.

"ಆ ಉದ್ದನೆ ಹುಲ್ಲು ಎಷ್ಟು ಚೆಂದ ಇದೆಯಪ್ಪ. ಅದನ್ನ ಹಾಕಿದ್ರೆ ನಮ್ಮ ಹಿತ್ತಲಿಗೊಂದು ಕಳೆ ಬರುತ್ತೆ. ಕುಳ್ಳದ್ದಾದ್ರೂ ಪರವಾಗಿಲ್ಲ. ಆ ಮಂಕು ಬಣ್ಣದ್ದು ಮಾತ್ರ ದೇವರಾಣೆ ಬೇಡ."

ಇವರ ಕಿವಿ ಕೆಂಪಾಯಿತು. ಉದ್ದದ್ದನ್ನೂ ಕುಳ್ಳದ್ದನ್ನೂ ಕಾಲಿಂದ ಪಕ್ಕಕ್ಕೆ ತಳ್ಳಿದರು. ಮುನೀರನಿಗೆ ಅಲ್ಲೇ ಫೋನು ಮಾಡಿ, ಗೋಡೆಗೆ ಕೇಳಿಸುವಷ್ಟು ಗಟ್ಟಿಯಾಗಿ, ಮಂಕು ಬಣ್ಣದ್ದೇ ತರಬೇಕೆಂದು ಹೇಳಿದರು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡೆ.

ಹುಲ್ಲು ಹಾಸಿ ಮುಗಿಯಲು ಎರಡು ದಿನ ಹಿಡಿಯಿತು. ಜಲ್ಲಿ, ಅದರ ಮೇಲೆ ಮರಳು, ಅದರ ಮೇಲೆ ಹುಲ್ಲು, ಅಂಚಿಗೆ ಗೋಂದು, ಸುತ್ತಲೂ ಗೇಣುದ್ದದ ಮೊಳೆ. ಮುಗಿದ ಮೇಲೆ ಇವರು ಚಕ್ಕುಲಿಯನ್ನು ಎತ್ತಿ ತಂದು ನಡುವೆ ಇಳಿಸಿದರು. ಅವಳು ಕಾಲು ಜಾರಬಹುದೆಂದು ಮೈ ಬಿಗಿಹಿಡಿದು ನಿಂತಳು. ಜಾರಲಿಲ್ಲ. ಒಂದು ಹೆಜ್ಜೆ ಇಟ್ಟಳು. ಮತ್ತೊಂದು. ಆಮೇಲೆ ಏನನ್ನಿಸಿತೋ, ಗೋಡೆಯವರೆಗೆ ಓಡಿ, ತಿರುಗಿ ಓಡಿ ಬಂದು, ಬೆನ್ನ ಮೇಲೆ ಬಿದ್ದು ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಹೊರಳಾಡಿದಳು. ಅವಳು ಓಡಿದ್ದನ್ನು ನಾವು ಕಂಡು ಎಷ್ಟೋ ಕಾಲವಾಗಿತ್ತು. ಇವರು ಗೋಡೆಯ ಕಡೆ ಮುಖ ಮಾಡಿ ನಿಂತುಕೊಂಡರು. ಮೊಳೆ ಸರಿಯಾಗಿ ಕೂತಿದೆಯೇ ನೋಡುತ್ತಿದ್ದೆ ಎಂದು ಆಮೇಲೆ ಹೇಳಿದರು.

ಶನಿವಾರ ಸಂಜೆ ಅವಳು ಒಳಗೆ ಬರಲು ಒಪ್ಪಲಿಲ್ಲ. ಇಬ್ಬರೂ ಸೇರಿ ಎತ್ತಿಕೊಂಡು ಬಂದೆವು. ಇವರು ಇನ್ನೊಮ್ಮೆ ಹೊರಗೆ ಹೋಗಿ, ಹುಲ್ಲಿಗೆ ನೀರು ಚಿಮುಕಿಸಿ, ಅಕ್ಕನಿಗೆ ಧೂಳು ಹಿಡಿದ ಹುಲ್ಲು ಕಾಣಬಾರದೆಂದು ಪೊರಕೆಯಿಂದ ಗುಡಿಸಿಯೂ ಬಂದರು. ಬಂದವರು ಚಿಲಕ ಹಾಕಲಿಲ್ಲ. ಭಾನುವಾರ ಬೆಳಿಗ್ಗೆ ಹಿಂಬಾಗಿಲು ಅರ್ಧ ತೆರೆದಿತ್ತು. ಆಚೆ ಬಾವಿಯ ಹಿತ್ತಲು. ಚಕ್ಕುಲಿ ಇಲ್ಲ. ಸ್ಟೂಲು ಹತ್ತಿ ನೋಡಿದರೆ, ಅತ್ತಿಗೆಯ ಮನೆಯ ಹಿಂದೆ ನಮ್ಮ ಹುಲ್ಲು, ಹುಲ್ಲಿನ ಮೇಲೆ ಚಕ್ಕುಲಿ, ಚಕ್ಕುಲಿಯ ಮುಂದೆ ಒಂದು ಬಟ್ಟಲು ಹಾಲನ್ನ.

ಇವರು ಬೀದಿಯಲ್ಲಿ ನಿಂತರು. ನಾನು ಅತ್ತಿಗೆಯ ಬಾಗಿಲು ತಟ್ಟಿದೆ. ಅತ್ತಿಗೆ ಹೊಸ್ತಿಲಲ್ಲಿ ನಿಂತು, ಇವರ ಕಡೆ ನೋಡದೆ, ನನಗೇ ಹೇಳಿದರು.

"ಹುಲ್ಲು ಊರಿದ್ದು, ಒಪ್ಕೋತೀನಿ, ಅದು ನಿಮ್ಮದು. ನಾಯಿಗೆ ಮೊಳೆ ಹೊಡೆದಿದ್ದೀರಾ? ಇಲ್ಲ ತಾನೆ. ನಾಯಿ ನನ್ನದು."

ನಾನು ಅತ್ತಿಗೆಯ ಮುಖ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ, ಅಥವಾ ತಮಾಷೆ ಎಷ್ಟು ಆಳದಲ್ಲಿತ್ತೆಂದರೆ ನನಗೆ ಎಟುಕಲಿಲ್ಲ. ಸ್ಕೂಟರಿನ ದಿನ ಕೂಗಾಡಿದ ಮನುಷ್ಯ ಅವತ್ತು ಸುಮ್ಮನೆ ಮನೆಗೆ ಬಂದು, ಚಕ್ಕುಲಿ ಮಲಗುತ್ತಿದ್ದ ಗೋಣಿತಾಟನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನನಗೆ ಅದುವರೆಗೆ ನಗು ಬರುತ್ತಿದ್ದದ್ದು ಆಗ ನಿಂತುಹೋಯಿತು. ನಾನೇ ಹೋಗಿ ಅತ್ತಿಗೆಯ ಹತ್ತಿರ, ಇಷ್ಟು ಬೇಡ ಎಂದು ಹೇಳಿದೆ. ಅವರು, ನಾಯಿಯನ್ನು ನೋಡಲು ಬರಬೇಡ ಎಂದು ನಾನು ಯಾರಿಗೂ ಹೇಳಿಲ್ಲವಲ್ಲ, ಬಾಗಿಲು ತೆರೆದೇ ಇದೆ ಎಂದರು.

ಸೋಮವಾರ ಇವರು ಹೋದರು. ಶೇವ್ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಹೆಣ್ಣು ನೋಡಲು ಹೋಗುವವರ ಹಾಗೆ ಹೋದರು. ಹುಲ್ಲಿನ ಒಂದು ಅಂಚಿನಲ್ಲಿ ಇವರು ಕುಳಿತರೆ ಇನ್ನೊಂದು ಅಂಚಿನಲ್ಲಿ ಅತ್ತಿಗೆ ಅವರೆಕಾಯಿ ಬಿಡಿಸುತ್ತ ಕುಳಿತರಂತೆ. ನಡುವೆ ಚಕ್ಕುಲಿ. ಅತ್ತಿಗೆ ಅವಳ ಕಿವಿ ಕೆರೆಯುತ್ತ, ನಿನ್ನ ಯಜಮಾನ ಕಾಫಿಗೆ ಸಕ್ಕರೆ ಈಗಲೂ ಮೂರು ಚಮಚ ಹಾಕಿಕೊಳ್ಳುತ್ತಾನೇನೇ ಎಂದು ಕೇಳಿದರು. ಇವರು ಚಕ್ಕುಲಿಗೆ, ಡಾಕ್ಟರು ಒಂದೇ ಚಮಚಕ್ಕೆ ಇಳಿಸಿದ್ದಾರೆಂದು ಹೇಳು ಎಂದರು. ಕಾಫಿ ಬಂತು. ಹೀಗೆ ನಾಯಿಯ ಮುಖಾಂತರ ಮಾತು ಶುರುವಾಗಿ, ದಿನದಿಂದ ದಿನಕ್ಕೆ ನಾಯಿಯ ಮೇಲೆ ಹೊರೆ ಹೆಚ್ಚಾಯಿತು. ಬುಧವಾರದ ಹೊತ್ತಿಗೆ ಇಬ್ಬರೂ ಅವಳ ಮೂಲಕ ತಮ್ಮ ಸೋದರಮಾವನ ಆಸ್ತಿ ಹಂಚಿಕೆಯನ್ನು ಚರ್ಚಿಸುತ್ತಿದ್ದರು. ಚಕ್ಕುಲಿ ಅದರ ನಡುವೆ ಎದ್ದು ಹುಲ್ಲಿನ ಮೂಲೆಗೆ ಹೋಗಿ ಉಚ್ಚೆ ಹೊಯ್ದು ಬರುತ್ತಿದ್ದಳು. ಅತ್ತಿಗೆ ಒಂದು ಬಕೆಟ್ ನೀರು ಸುರಿಯುತ್ತಿದ್ದರು. ಮುನೀರ್ ಹೇಳಿದ್ದು ನಿಜ, ವಾಸನೆ ಉಳಿಯುತ್ತಿರಲಿಲ್ಲ.

ಶನಿವಾರ ಸಂಜೆ ನಾನು ಬಟ್ಟೆ ತೆಗೆಯುವ ನೆಪದಲ್ಲಿ ಗೋಡೆಯ ಪಕ್ಕವೇ ನಿಂತಿದ್ದೆ. ಚಕ್ಕುಲಿಯನ್ನು ಒಳಗೆ ಕರೆದುಕೊಳ್ಳಬೇಕಿತ್ತು, ಅವಳು ಏಳುತ್ತಿರಲಿಲ್ಲ. ಒಬ್ಬರಿಂದ ಎತ್ತುವ ಭಾರವಲ್ಲ. ಇವರು ಮುಂಗಾಲಿನ ಕಡೆ ಹಿಡಿದರು. ಆಗ ಅತ್ತಿಗೆಯ ದನಿ ಕೇಳಿಸಿತು, ಈ ಸಲ ನಾಯಿಗಲ್ಲ.

"ಸೊಂಟ ಹಿಡ್ಕೊಳೋ ಸಿದ್ದ, ಬೀಳ್ತಾಳೆ."

"ಹಿಡ್ಕೊಂಡಿದ್ದೀನಿ ಕಣಕ್ಕಾ, ನೀನು ಎಳೀಬೇಡ."

ಆಮೇಲೆ ಧೊಪ್ಪನೆ ಮೂವರೂ ಕೂತ ಸದ್ದು. ಆಮೇಲೆ ಸ್ಕೂಟರಿನ ಮಾತು ಬಂತು. ಕಟ್ಟಳೆ ಕಟ್ಟಳೆಯೇ ಎಂದು ಅತ್ತಿಗೆ, ಒಂದು ಮಾತು ಕೇಳಬಹುದಿತ್ತು ಎಂದು ಇವರು. ದನಿ ಏರಿತು, ಇಳಿಯಿತು, ಮತ್ತೆ ಏರಿತು. ಕೇಳಿ ಕೇಳಿ ನನಗೇ ಆಕಳಿಕೆ ಬಂತು. ಅಡುಗೆ ಮುಚ್ಚಿಟ್ಟು ಮಲಗಿಬಿಟ್ಟೆ.

ಭಾನುವಾರ ಎದ್ದಾಗ ಇವರ ಹಾಸಿಗೆ ಹಾಗೇ ಇತ್ತು. ಅತ್ತಿಗೆಯ ಮನೆಗೆ ಓಡಿದೆ. ಬೀದಿಬಾಗಿಲು ತೆರೆದಿದೆ, ಹಿಂಬಾಗಿಲು ತೆರೆದಿದೆ, ಒಳಗೆ ಯಾರೂ ಇಲ್ಲ, ಹಿಂದೆ ಬಾವಿ. ಅಷ್ಟರಲ್ಲಿ ಮೂರನೆಯ ಮನೆಯಿಂದ ಸೀತಾಬಾಯಿಯವರ ನಗು ಕೇಳಿಸಿತು. ಸೀತಾಬಾಯಿ ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುವವರು, ನಗುವುದು ಕಡಿಮೆ. ಅವರ ನಡುಮನೆ ದಾಟಿ ಹಿತ್ತಲಿಗೆ ಹೋದೆ. ಹುಲ್ಲಿನ ಮೇಲೆ ಅಕ್ಕ, ತಮ್ಮ, ನಾಯಿ ಸಾಲಾಗಿ ಕುಳಿತಿದ್ದರು, ಮೂವರ ಮೈಮೇಲೂ ಮರಳು. ಅತ್ತಿಗೆಯ ಕೆನ್ನೆಯ ಮೇಲೆ ಹುಲ್ಲೆಳೆಯ ಗುರುತು ಸಾಲು ಸಾಲಾಗಿ ಮೂಡಿತ್ತು. ಜಗಳವಾಡುತ್ತ ಅಲ್ಲೇ ನಿದ್ದೆ ಹೋಗಿದ್ದರಂತೆ. ಬೆಳಿಗ್ಗೆ ಸೀತಾಬಾಯಿ ಹಲ್ಲುಜ್ಜಲು ಹಿಂಬಾಗಿಲು ತೆಗೆದಾಗ ಮೂವರೂ ಗೊರಕೆ ಹೊಡೆಯುತ್ತಿದ್ದರಂತೆ. ನಮ್ಮ ಬೀದಿಯಲ್ಲಿ ಹೀಗೆ ಮನುಷ್ಯರು ಬಂದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ಅತ್ತಿಗೆ ಎದ್ದು, ಸೆರಗು ಕೊಡವಿಕೊಂಡು ಹೊರಡಲು ನೋಡಿದರು. ಸೀತಾಬಾಯಿ ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿಗೆ ದೇವೀರಮ್ಮ? ಹುಲ್ಲು ಊರಿದ್ದು, ಸರಿ. ನೀವು?"

ಕಟ್ಟಳೆಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದ ಅತ್ತಿಗೆ ಎತ್ತಿದ ಕಾಲನ್ನು ಮತ್ತೆ ಹುಲ್ಲಿನ ಮೇಲೇ ಇಟ್ಟರು. ಇವರು ಅಕ್ಕನ ಮುಖ ನೋಡಿದರು, ನಾನು ಈ ಮನುಷ್ಯ ಈಗ ನಗುತ್ತಾರೆ ಎಂದುಕೊಂಡೆ, ನಕ್ಕೇಬಿಟ್ಟರು. ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಅತ್ತಿಗೆ ಇವರ ಭುಜಕ್ಕೆ ಒಂದು ಕೊಟ್ಟು, ಆಮೇಲೆ ತಾವೂ ನಕ್ಕರು. ಸೀತಾಬಾಯಿ ಮಾತ್ರ ನಗು ನಿಲ್ಲಿಸಿ, ಒಳಗಿನಿಂದ ಒಂದು ಪರಾತದ ತುಂಬ ಉದ್ದಿನ ಹಿಟ್ಟು, ಎರಡು ಲಟ್ಟಣಿಗೆ, ಎರಡು ಮಣೆ ತಂದು ಹುಲ್ಲಿನ ಮೇಲಿಟ್ಟರು. ಮದುವೆ ಕಾಲ, ಕೈ ಸಾಲದೆ ಒದ್ದಾಡುತ್ತಿದ್ದೆ, ದೇವರೇ ಕಳಿಸಿದ ಎಂದರು. ಚಕ್ಕುಲಿಗೆ ಕಾಗೆ ಓಡಿಸುವ ಕೆಲಸ.

ಮಧ್ಯಾಹ್ನ ನಾನು ಹೋದಾಗ ಎರಡು ಚಾಪೆ ಹಪ್ಪಳ ಒಣಗುತ್ತಿದ್ದವು. ಒಂದು ಚಾಪೆಯ ಹಪ್ಪಳ ಚಂದ್ರನ ಹಾಗೆ, ಇನ್ನೊಂದರದ್ದು ಇವರದ್ದೆಂದು ನೋಡಿದರೇ ತಿಳಿಯುತ್ತಿತ್ತು. ಊಟಕ್ಕೆ ಬನ್ನಿ ರೀ ಎಂದೆ.

"ಬರೋಕಾಗಲ್ಲ" ಎಂದರು ಇವರು, ತಲೆಯೆತ್ತದೆ. "ಶನಿವಾರದವರೆಗೆ ನಾವು ಸೀತಾಬಾಯಿಯವರಿಗೆ ಸೇರಿದವರು."

"ನೀನು ಹೋಗು ರತ್ನಾ" ಎಂದರು ಅತ್ತಿಗೆ. "ಇವನಿಗೆ ಅಂಚು ಒತ್ತೋದು ಹೇಳಿಕೊಟ್ಟು ಕಳಿಸ್ತೀನಿ. ಯಾವಾಗ ಕಲೀತಾನೋ ಆವಾಗ."

ನಾನು ಮನೆಗೆ ಬಂದೆ. ಆ ವಾರ ನಮ್ಮಲ್ಲಿಗೆ ಬಂದಿದ್ದು ಉಯ್ಯಾಲೆಯ ಹಿತ್ತಲು. ಅದು ಬಂದಾಗೆಲ್ಲ ಇವರೇ ಉಯ್ಯಾಲೆ ಹಿಡಿದು ಕ್ಲಾರಿನೆಟ್ ಊದುತ್ತ ಕುಳಿತುಬಿಡುವುದರಿಂದ, ಇಷ್ಟು ವರ್ಷದಲ್ಲಿ ನಾನು ಅದರ ಮೇಲೆ ಕುಳಿತದ್ದೇ ಅಪರೂಪ. ಕಾಫಿ ಮಾಡಿಕೊಂಡು ದೊಡ್ಡ ಲೋಟಕ್ಕೆ ಸುರಿದುಕೊಂಡು ಬಂದು ಕುಳಿತೆ. ಕಾಲ ಬೆರಳಿನಿಂದ ನೆಲ ಒತ್ತಿದೆ. ಎರಡು ಗೋಡೆಯಾಚೆ ಅಕ್ಕ ತಮ್ಮ ಹಪ್ಪಳದ ದಪ್ಪಕ್ಕಾಗಿ ದನಿ ಏರಿಸಿದ್ದರು, ನಡುನಡುವೆ ಚಕ್ಕುಲಿ ಕಾಗೆಗೆ ಬೊಗಳುತ್ತಿದ್ದಳು. ಜಗಳ ಬೇಗ ಮುಗಿಯುವಂತೆ ಕಾಣಲಿಲ್ಲ. ಇನ್ನೊಮ್ಮೆ ಜೋರಾಗಿ ಒತ್ತಿದೆ.